ಎಂಟೂವರೆ ಬೆಲ್ಲು, ಮೂರು ವರ್ಷ ಆದ್ಮೇಲೆ: ಐವತ್ತು ನಿಮಿಷದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಫೋನ್ ರಿವ್ಯೂ ಅಲ್ಲ, ಹೋಟೆಲ್ ರಿವ್ಯೂನೂ ಅಲ್ಲ. ನಾವಿರೋ ಕ್ಯಾಲಿಫೋರ್ನಿಯಾ ಬೇ ಏರಿಯಾದಲ್ಲಿ ಹೈಸ್ಕೂಲ್ ಬೆಲ್ಲು ಬೆಳಗ್ಗೆ ಎಂಟೂವರೆಗೆ ಹೊಡಿಯೋಕೆ ಶುರುವಾಗಿ ಮೂರು ವರ್ಷ ಆಯ್ತು, ಅದರ ರಿವ್ಯೂ. ಜೊತೆಗೆ ಆ ಬೆಲ್ಲಿನ ಸುದ್ದಿ ನಮಗೆ ಮುಟ್ಟಿಸೋ ಸ್ಕೂಲ್ ಡಿಸ್ಟ್ರಿಕ್ಟಿನ (ಜಿಲ್ಲೆ ಅಲ್ಲ, ನಮ್ಮ ಕಡೆ ಸರ್ಕಾರಿ ಸ್ಕೂಲುಗಳನ್ನ ನಡೆಸೋ ಸಂಸ್ಥೆ) ಆ್ಯಪ್ಪು, ಇಮೇಲು, ಸಂಜೆ ಆರಕ್ಕೆ ಮೆಷಿನ್ನೇ ಮಾಡೋ ರೋಬೋ ಕಾಲು, ಎಲ್ಲಾ ಸೇರಿಸಿ. ದುಡ್ಡು ಕೊಟ್ಟು ತಗೊಂಡಿರೋ ಐಟಮ್ಮಾ ಇದು ಅಂತ ಕೇಳಿದ್ರೆ, ಹೌದು, ಈ ಸ್ಕೂಲಿಗೆ ಸೇರೋ ಏರಿಯಾ ಒಳಗೇ ಮನೆ ಬೇಕು ಅಂತ ನಾವು ಕೊಡ್ತಿರೋ ಬಾಡಿಗೆ ಕೇಳಿದ್ರೆ ನಿಮಗೇ ತಲೆ ತಿರುಗುತ್ತೆ. ಡಿಸ್ಟ್ರಿಕ್ಟಿನ ಹೆಸರು ಮಾತ್ರ ಹೇಳಲ್ಲ, ಮಗ ಇನ್ನೂ ಅಲ್ಲೇ ಓದ್ತಾ ಇದಾನೆ.

ಇದನ್ನ ಬರೆಯೋಕೆ ನನಗೇನು ಯೋಗ್ಯತೆ ಅಂದ್ರೆ, ಒಂದೇ ಸ್ಕೂಲು, ಎರಡು ಮಕ್ಕಳು, ಎರಡು ಬೆಲ್ಲು. ಮಗಳು 2017ರಿಂದ 2021ರವರೆಗೆ ಇದೇ ಹೈಸ್ಕೂಲಲ್ಲಿ ಓದಿದ್ಲು, ಆಗ ಬೆಲ್ಲು 7:40ಕ್ಕೆ. ಮಗ 2022ರ ಆಗಸ್ಟಲ್ಲಿ ಒಂಬತ್ತನೇ ಕ್ಲಾಸಿಗೆ ಸೇರ್ದ, ಆಗ ಬೆಲ್ಲು 8:30ಕ್ಕೆ. ಮಧ್ಯದಲ್ಲಿ ಐವತ್ತು ನಿಮಿಷ. ಆ ಐವತ್ತು ನಿಮಿಷ ಎಲ್ಲೆಲ್ಲಿ ಹೋಯ್ತು ಅನ್ನೋದೇ ಈ ರಿವ್ಯೂ. ಹೆಂಡ್ತಿ ಆಸ್ಪತ್ರೆ ಲ್ಯಾಬಲ್ಲಿ ಕೆಲಸ, ಶಿಫ್ಟು ಏಳಕ್ಕೆ ಶುರು, ಆರೂಕಾಲಿಗೆಲ್ಲಾ ಮನೆ ಬಿಡ್ತಾಳೆ, ಹಾಗಾಗಿ ಎಂಟು ವರ್ಷದಿಂದ ಬೆಳಗಿನ ಡ್ಯೂಟಿ ಪೂರ್ತಿ ನಂದೇ, ಕೇಳಿದ್ದು ಹೇಳ್ತಿಲ್ಲ, ಅನುಭವಿಸಿದ್ದು ಹೇಳ್ತಿದೀನಿ.

ಮಗಳ ಕಾಲದ ಬೆಳಗು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚುತ್ತೆ. 6:10ಕ್ಕೆ ಒಂದು ಅಲಾರಾಂ, 6:15ಕ್ಕೆ ಇನ್ನೊಂದು, ಅದೂ ಆಗ್ಲಿಲ್ಲ ಅಂದ್ರೆ ನಾನೇ ಹೋಗಿ ಹೊದಿಕೆ ಎಳೀಬೇಕು. ತಿಂಡಿ ಅಂದ್ರೆ ಕಾರಲ್ಲಿ ಒಂದು ಬಾಳೆಹಣ್ಣು. ಅಕ್ಟೋಬರ್ ಕೊನೇಲೂ ಡಿಸೆಂಬರಲ್ಲೂ ಇಲ್ಲಿ ಸೂರ್ಯ ಹುಟ್ಟೋದೇ ಏಳೂಕಾಲು ಏಳೂವರೆ ಸುಮಾರಿಗೆ, ನಾವು ಮನೆ ಬಿಡ್ತಿದ್ದಿದ್ದು 7:10ಕ್ಕೆ, ಹೆಡ್‌ಲೈಟ್ ಹಾಕ್ಕೊಂಡು. ಅವಳು ಸೀಟಲ್ಲಿ ಕೂತ ತಕ್ಷಣ ಕಿಟಕಿಗೆ ತಲೆ ಆನಿಸಿ ನಿದ್ದೆ, ಸ್ಕೂಲ್ ಬಂತು ಅಂದ್ರೆ ಕಣ್ಣು ಮುಚ್ಕೊಂಡೇ ಬ್ಯಾಗು ಹುಡುಕೋಳು. ಫಸ್ಟ್ ಪೀರಿಯಡ್ ಕೆಮಿಸ್ಟ್ರಿ ಬೇರೆ. ಪಾಪ, ಆ ಮೇಷ್ಟ್ರಿಗೂ ನಿದ್ದೆ ಬರ್ತಿತ್ತೋ ಏನೋ.

ಆಗ ನಾನೇನ್ ಅಂದ್ಕೊಂಡಿದ್ದೆ ಅಂದ್ರೆ, ಇವೆಲ್ಲಾ ರಾತ್ರಿ ಫೋನ್ ನೋಡಿ ನೋಡಿ ಬಂದಿರೋ ಸೋಮಾರಿತನ ಅಂತ. ನಾನು ಬೆಳೆದಿದ್ದು ತಿಪಟೂರಲ್ಲಿ, ಎಸ್ಸೆಸ್ಸೆಲ್ಸಿ ವರ್ಷ ನಮ್ಮಪ್ಪ ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ಮುಖಕ್ಕೆ ತಣ್ಣೀರು ಹೊಡೆಸಿ ಕೂರಿಸ್ತಿದ್ರು, ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೇಲಿ ಕೂರುತ್ತೆ ಅಂತ. ಅದನ್ನೇ ಮಗಳಿಗೂ ಹತ್ತು ಸಲ ಹೇಳಿದ್ದೆ. ಒಂದಿನ ಅವಳು ಕೇಳಿದ್ಲು, ಅಪ್ಪಾ ನಿಮ್ಮ ಸ್ಕೂಲ್ ಎಷ್ಟ್ ಗಂಟೆಗೆ ಶುರುವಾಗ್ತಿತ್ತು ಅಂತ. ಹತ್ತಕ್ಕೆ ಅಂದೆ. ಹತ್ತಕ್ಕಾ?? ಅಂತ ಹಾಗೇ ನೋಡಿದ್ಲು. ನನಗೂ ಆವತ್ತೇ ಹೊಳೆದಿದ್ದು. ಹತ್ತಕ್ಕೆ ಪ್ರೇಯರ್, ಶನಿವಾರ ಒಂದಿನ ಮಾತ್ರ ಮಾರ್ನಿಂಗ್ ಕ್ಲಾಸು, ಆ ಒಂದಿನಕ್ಕೇ ನಾವು ಊರೆಲ್ಲಾ ಗೋಳಾಡ್ತಿದ್ವಿ. ಐದಕ್ಕೆ ಏಳ್ತಿದ್ವಿ ನಿಜ, ಆದ್ರೆ ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋದ್ರೆ ಅಲ್ಲಿಗೆ ದಿನ ಮುಗೀತು, ಇನ್ನೇನ್ ಮಾಡೋದು, ಮಲಗೋದೇ.

ಕಾನೂನಿನ ಕಥೆ ಬೇಗ ಹೇಳಿ ಮುಗಿಸ್ತೀನಿ. ಪೋರ್ಟಂಟೀನೋ ಅಂತ ಒಬ್ಬ ಸ್ಟೇಟ್ ಸೆನೆಟರ್ ತಂದ ಬಿಲ್ಲು, ಎಸ್‌ಬಿ 328. 2018ರಲ್ಲಿ ಆಗಿನ ಗವರ್ನರ್ ಜೆರ್ರಿ ಬ್ರೌನ್, ಇದನ್ನ ಆಯಾ ಊರಿನವರೇ ತೀರ್ಮಾನ ಮಾಡ್ಕೊಳ್ಲಿ ಅಂತ ವೀಟೋ ಮಾಡಿದ್ರು. ಮುಂದಿನ ವರ್ಷ ಅಕ್ಟೋಬರಲ್ಲಿ ಹೊಸ ಗವರ್ನರ್ ನ್ಯೂಸಮ್ ಸೈನ್ ಹಾಕಿದ್ರು, 2022ರ ಜುಲೈ 1ರಿಂದ ಜಾರಿ. ಹೈಸ್ಕೂಲು 8:30ಕ್ಕಿಂತ ಮುಂಚೆ ಶುರು ಮಾಡೋ ಹಾಗಿಲ್ಲ, ಮಿಡಲ್ ಸ್ಕೂಲು 8ಕ್ಕಿಂತ ಮುಂಚೆ ಇಲ್ಲ, ಹಳ್ಳಿ ಕಡೆ ಡಿಸ್ಟ್ರಿಕ್ಟುಗಳಿಗೆ ವಿನಾಯಿತಿ. ಇಡೀ ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಇದೇ.

ಹಿಂದಿರೋ ಕಾರಣ ಏನಂದ್ರೆ, ಮಕ್ಕಳು ಹದಿಮೂರು ಹದಿನಾಲ್ಕು ದಾಟಿದ್ಮೇಲೆ ಮೈಯೊಳಗಿನ ಗಡಿಯಾರನೇ ಒಂದೆರಡು ಗಂಟೆ ಹಿಂದಕ್ಕೆ ಜಾರುತ್ತಂತೆ. ನಿದ್ದೆ ಬರಿಸೋ ಮೆಲಟೋನಿನ್ ಅನ್ನೋ ಹಾರ್ಮೋನು ರಾತ್ರಿ ತಡವಾಗಿ ಶುರುವಾಗುತ್ತೆ, ಬೆಳಗ್ಗೆ ತಡವಾಗಿ ನಿಲ್ಲುತ್ತೆ. ಆ ವಯಸ್ಸಿಗೆ ಬೇಕಿರೋದು ಎಂಟರಿಂದ ಹತ್ತು ಗಂಟೆ ನಿದ್ದೆ. ಹತ್ತಕ್ಕೆ ಮಲಗು ಅಂದ್ರೂ ಅವಕ್ಕೆ ನಿದ್ದೆ ಹತ್ತಲ್ಲ, ಆರಕ್ಕೆ ಎಬ್ಬಿಸಿದ್ರೆ ಅವರ ಲೆಕ್ಕದಲ್ಲಿ ಅದು ಮಧ್ಯರಾತ್ರಿ. ಇಲ್ಲಿನ ಮಕ್ಕಳ ಡಾಕ್ಟರ್‌ಗಳ ಸಂಘ 2014ರಲ್ಲೇ ಎಂಟೂವರೆಗಿಂತ ಮುಂಚೆ ಬೇಡ ಅಂತ ಬರೆದು ಕೊಟ್ಟಿತ್ತು. ಮಿನೆಸೋಟಾದ ಇಡೈನಾ ಅನ್ನೋ ಊರಲ್ಲಂತೂ 1996ರಲ್ಲೇ 7:20ರ ಬೆಲ್ಲನ್ನ 8:30ಕ್ಕೆ ತಳ್ಳಿದ್ರು. ಇಷ್ಟೆಲ್ಲಾ ನನಗೆ ಗೊತ್ತಾಗಿದ್ದು ಮಗಳು ಕಾಲೇಜಿಗೆ ಹೋದ್ಮೇಲೆ. ಅವಳ ಹತ್ರ ಸಾರಿ ಕೇಳಿದೆ, "ಈಗ್ ಕೇಳಿ ಏನ್ ಪ್ರಯೋಜನ ಅಪ್ಪಾ, ನಿದ್ದೆ ವಾಪಸ್ ಕೊಡ್ತೀರಾ" ಅಂದ್ಲು.

ಸರಿ, ಈಗ ಲೆಕ್ಕ. ಸಿಯಾಟಲ್‌ನಲ್ಲಿ 2016ರಲ್ಲಿ 7:50ರಿಂದ 8:45ಕ್ಕೆ ಬದಲಾಯಿಸಿದಾಗ ಮಕ್ಕಳ ಕೈಗೆ ವಾಚ್ ಥರದ್ದು ಕಟ್ಟಿ ಅಳೆದಿದ್ರು, ಕೊಟ್ಟಿದ್ದು 55 ನಿಮಿಷ, ಮಕ್ಕಳು ಜಾಸ್ತಿ ಮಲಗಿದ್ದು 34 ನಿಮಿಷ. ಲೇಟಾಗಿ ಶುರುವಾದ್ರೆ ಲೇಟಾಗೇ ಮಲಗ್ತಾರೆ ಬಿಡಿ ಅನ್ನೋರಿಗೆ ಅದೇ ಉತ್ತರ, ಸ್ವಲ್ಪ ಲೇಟಾಗಿ ಮಲಗ್ತಾರೆ, ಪೂರ್ತಿ ಅಲ್ಲ. ನಮ್ಮನೇಲಿ ಯಾರ ಕೈಗೂ ಏನೂ ಕಟ್ಟಿಲ್ಲ, ಆದ್ರೆ ಮಗನ ಮೊದಲನೇ ವರ್ಷ ನಾನು ನೋಡಿದ ಪ್ರಕಾರ ಐವತ್ತರಲ್ಲಿ ಒಂದು ಅರ್ಧ ಗಂಟೆ ನಿದ್ದೆಗೆ ಹೋಯ್ತು. ಹತ್ತು ಹನ್ನೆರಡು ನಿಮಿಷ ತಿಂಡಿಗೆ. ತಿಂಡಿ ಅಂದ್ರೆ ನಿಜವಾದ ತಿಂಡಿ, ಟೇಬಲ್ ಮುಂದೆ ಕೂತು ತಟ್ಟೇಲಿ ಅವಲಕ್ಕಿ ಒಗ್ಗರಣೆನೋ ಉಪ್ಪಿಟ್ಟೋ, ಹಿಂದಿನ ದಿನದ ಹಿಟ್ಟಿದ್ರೆ ಎರಡು ದೋಸೆ. ಮಾತೂ ಆಡ್ತಿದ್ದ! ಹದಿನಾಲ್ಕು ವರ್ಷದ ಹುಡುಗ ಬೆಳಗ್ಗೆ ಏಳೂಮುಕ್ಕಾಲಿಗೆ ಅಪ್ಪನ ಜೊತೆ ಮಾತಾಡ್ತಾನೆ ಅಂದ್ರೆ ಅದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡ್ಬೇಕು.

ಇನ್ನೊಂದು ನಾನು ಯೋಚ್ನೆನೇ ಮಾಡಿರ್ಲಿಲ್ಲ. ಬೇಸಿಗೆ ಟೈಮಲ್ಲಿ ಇಲ್ಲಿ ಬೆಳಗ್ಗೆ 7:40 ಅಂದ್ರೆ ಊರಲ್ಲಿ ರಾತ್ರಿ 8:10. ಅಮ್ಮಂದು ಸೀರಿಯಲ್ ಮುಗಿದು ಊಟಕ್ಕೆ ಇನ್ನೂ ಕೂತಿರಲ್ಲ, ಸರಿಯಾದ ಟೈಮು. ಮಗ ದೋಸೆ ತಿಂತಾ ಅಜ್ಜಿ ಹತ್ರ ವಿಡಿಯೋ ಕಾಲಲ್ಲಿ ಮಾತಾಡೋದು ಆ ವರ್ಷ ಶುರುವಾಯ್ತು, ಮಗಳ ಕಾಲದಲ್ಲಿ ಅಜ್ಜಿ ಮೊಮ್ಮಗಳು ಮಾತಾಡಿದ್ದು ವಾರಕ್ಕೊಂದ್ಸಲ ಭಾನುವಾರ ಮಾತ್ರ. ಅಮ್ಮ ಕೇಳ್ತಿದ್ರು, ಏನೋ ಇದು, ಸ್ಕೂಲಿಲ್ವಾ ಇವತ್ತು, ಇನ್ನೂ ಮನೇಲೇ ಇದೀಯಾ? ಇದೆ ಅಜ್ಜಿ, ಎಂಟೂವರೆಗೆ. "ಓ ಹಾಗಾದ್ರೆ ಈಗ ಸರಿ ಹೋಯ್ತು, ನಿಮ್ ಅಕ್ಕನ್ನ ಹಾಲಿನವ್ನ ಜೊತೆ ಎಬ್ಬಿಸ್ತಿದ್ರಲ್ಲಪ್ಪ ಪಾಪ." ಆರು ತಿಂಗಳು ಬಂದಿದ್ದ ನಮ್ ಮಾವ ಮಾತ್ರ ಒಪ್ಪಲಿಲ್ಲ. ಸೂರ್ಯ ನೆತ್ತಿಗೆ ಬಂದ್ರೂ ಹುಡುಗ ಮಲಗಿರ್ತಾನಲ್ಲಪ್ಪಾ ಅಂತ ದಿನಾ ಕಾಫಿ ಕುಡೀತಾ ಅನ್ನೋರು. ಏಳು ಗಂಟೆ, ಮಾವ. ನೆತ್ತಿ ಎಲ್ಲಿ ಬಂತು.

ಹಾಗಾಗಿ ಬೆಲ್ಲಿಗೆ, ಬರೀ ಬೆಲ್ಲಿಗೆ, ಐದಕ್ಕೆ ನಾಲ್ಕೂವರೆ ಸ್ಟಾರ್. ಇಲ್ಲಿಗೇ ನಿಲ್ಲಿಸಿದ್ರೆ ಒಳ್ಳೆ ರಿವ್ಯೂ ಆಗ್ತಿತ್ತು.

ನಿಲ್ಲಿಸೋಕಾಗಲ್ಲ ಯಾಕಂದ್ರೆ ಜೀರೋ ಪೀರಿಯಡ್ ಅಂತ ಒಂದಿದೆ. ಕಾನೂನಲ್ಲಿ ಒಂದು ಕಿಂಡಿ ಬಿಟ್ಟಿದಾರೆ, 8:30ಕ್ಕೆ ಮುಂಚೆ ಒಂದಷ್ಟು ಮಕ್ಕಳಿಗೆ ಕ್ಲಾಸ್ ಇಟ್ಕೊಳ್ಬಹುದು, ಆದ್ರೆ ಆ ಕ್ಲಾಸಿನ ಹಾಜರಿಗೆ ಸ್ಟೇಟಿನಿಂದ ದುಡ್ಡು ಬರಲ್ಲ. ದುಡ್ಡು ಬರಲ್ಲ ಅಂದ್ರೆ ಯಾರು ಇಡ್ತಾರೆ ಅಂತ ಅಂದ್ಕೊಂಡಿದ್ರೇನೋ ಕಾನೂನು ಬರೆದವರು, ಅವರಿಗೆ ನಮ್ಮ ಅಪ್ಪ ಅಮ್ಮಂದಿರು ಗೊತ್ತಿಲ್ಲ. ನಮ್ಮ ಸ್ಕೂಲಲ್ಲಿ ಜೀರೋ ಪೀರಿಯಡ್ ಶುರುವಾಗೋದು 7:25ಕ್ಕೆ. ಹೌದು, ಸರಿಯಾಗೇ ಓದಿದ್ರಿ, ಮಗಳ ಹಳೇ ಬೆಲ್ಲಿಗಿಂತ ಹದಿನೈದು ನಿಮಿಷ ಮುಂಚೆ. ಇದು ಯಾಕೆ ಅಂದ್ರೆ ದಿನಕ್ಕೆ ಆರು ಪೀರಿಯಡ್ಡಿನ ಜೊತೆ ಏಳನೇದೊಂದು ಸಬ್ಜೆಕ್ಟ್ ತುರುಕ್ಬಹುದು, ಬ್ಯಾಂಡೂ ಬೇಕು ಕಂಪ್ಯೂಟರ್ ಸೈನ್ಸೂ ಬೇಕು ಇನ್ನೊಂದು ಎಪಿನೂ (ಹೈಸ್ಕೂಲಲ್ಲೇ ಓದೋ ಕಾಲೇಜ್ ಮಟ್ಟದ ಕೋರ್ಸು) ಬೇಕು ಅನ್ನೋರಿಗೆ.

ಹತ್ತನೇ ಕ್ಲಾಸಿನ ಕೋರ್ಸ್ ಸೆಲೆಕ್ಷನ್ ಟೈಮಲ್ಲಿ ನಮ್ಮ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ (ಕನ್ನಡದವರು, ತೆಲುಗಿನವರು, ತಮಿಳಿನವರು ಎಲ್ಲಾ ಇದೀವಿ, ಜಗಳಕ್ಕೆ ಮಾತ್ರ ಇಂಗ್ಲಿಷು) ಒಬ್ಬರು ಹಾಕಿದ್ರು, ನಮ್ ಹುಡುಗ ಜೀರೋ ತಗೋತಿದಾನೆ ಅಂತ. ಹತ್ತು ನಿಮಿಷದಲ್ಲಿ ಎಂಟು ಜನ ನಮ್ದೂ ನಮ್ದೂ ಅಂದ್ರು. ನಾನು ಮಗನನ್ನ ಕೇಳಿದೆ, ನೀನೂ ತಗೊಳ್ತೀಯೇನೋ ಅಂತ. ಕೇಳಿದೆ ಅಂತ ಬರೆದಿದೀನಿ, ಹೆಂಡ್ತಿ ಇದನ್ನ ಓದಿದ್ರೆ "ರೀ, ಕೇಳಿದ್ರಾ ಹೇಳಿದ್ರಾ" ಅಂತಾಳೆ. ಹೇಳ್ದೆ. ಅವನು ಹ್ಞೂಂ ಅಂದ. ಎರಡು ವರ್ಷ ಮತ್ತೆ ಆರು ಗಂಟೆ ಅಲಾರಾಂ, ಮತ್ತೆ ಕಾರಲ್ಲಿ ಬಾಳೆಹಣ್ಣು, ಅಜ್ಜಿಗೆ ಮತ್ತೆ ಭಾನುವಾರ ಮಾತ್ರ. ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಕೂತು ಕಾನೂನು ಮಾಡಿ, ಗವರ್ನರ್ ಸೈನ್ ಹಾಕಿ, ಮೂರು ವರ್ಷ ತಯಾರಿ ಮಾಡಿ ನನ್ನ ಮಗನಿಗೆ ಕೊಟ್ಟ ಐವತ್ತು ನಿಮಿಷನ ನಾನು ಒಂದು ವಾಟ್ಸಾಪ್ ಮೆಸೇಜ್ ನೋಡಿ ಕಿತ್ಕೊಂಡೆ. ಜೀರೋ ಪೀರಿಯಡ್ಡಿಗೆ ಅರ್ಧ ಸ್ಟಾರು, ಆ ಅರ್ಧನೂ ಬ್ಯಾಂಡ್ ಮೇಷ್ಟ್ರಿಗೆ, ಮನುಷ್ಯ ಬೆಳಗ್ಗೆ 7:25ಕ್ಕೆ ಟ್ರಂಪೆಟ್ ಕೇಳಿಸ್ಕೊಂಡು ನಗ್ತಾ ಇರ್ತಾರೆ.

ಮಕ್ಕಳನ್ನ ಕಾರಿಂದ ಇಳಿಸೋ ಡ್ರಾಪ್ ಆಫ್ ಲೇನಿಗೆ ಬರೋಣ. ಬೇರೆ ರಾಜ್ಯದಲ್ಲಿರೋರಿಗೆ ಒಂದು ಮಾತು, ಸಿನಿಮಾದಲ್ಲಿ ತೋರಿಸೋ ಹಳದಿ ಬಸ್ಸು ಕ್ಯಾಲಿಫೋರ್ನಿಯಾದಲ್ಲಿ ತುಂಬಾ ಕಮ್ಮಿ, ನಮ್ಮ ಕಡೆ ಮಾಮೂಲಿ ಮಕ್ಕಳಿಗೆ ಬಸ್ಸೇ ಇಲ್ಲ, ಅಪ್ಪ ಅಮ್ಮನೇ ಡ್ರೈವರು. ಮೊದ್ಲು ಹೈಸ್ಕೂಲ್ 7:40, ರಸ್ತೆಯಾಚೆ ಎಲಿಮೆಂಟರಿ 8:20, ಎರಡರ ಗುಂಪೂ ಬೇರೆ ಬೇರೆ ಟೈಮಿಗೆ ಬಂದು ಹೋಗೋದು. ಈಗ 8:20ಕ್ಕೆ ಒಂದು, 8:30ಕ್ಕೆ ಒಂದು, ಜೊತೆಗೆ ಆಫೀಸಿಗೆ ಹೋಗೋರದ್ದು ಬೇರೆ. ಒಂದೇ ಸಿಗ್ನಲ್ಲು. ನಮ್ಮ ಸಿಲ್ಕ್ ಬೋರ್ಡ್ ನೆನಪಾಗಿ ಕಣ್ಣು ತುಂಬಿ ಬರುತ್ತೆ. ಬೆಂಗಳೂರು ಟೀಮಿನ ಜೊತೆ ನನ್ನ ಮೀಟಿಂಗ್ ಎಂಟೂಕಾಲಿಗೆ, ಅಲ್ಲಿ ಅವರಿಗೆ ರಾತ್ರಿ ಒಂಬತ್ತಕ್ಕೆ ಹತ್ರ, ಊಟ ಬಿಟ್ಟು ಕೂತಿರ್ತಾರೆ, ನಾನು ಕಾರಲ್ಲಿ ಮ್ಯೂಟ್ ಮಾಡ್ಕೊಂಡು ಇಂಚಿಂಚೇ ಮುಂದೆ ಹೋಗ್ತಿರ್ತೀನಿ. ಒಂದ್ಸಲ ಮ್ಯೂಟ್ ಹಾಕೋದು ಮರೆತು ಮುಂದಿನ ಗಾಡಿಯವನಿಗೆ ಅಚ್ಚ ತಿಪಟೂರು ಕನ್ನಡದಲ್ಲಿ ಬೈದೆ, ಆ ಕಡೆಯಿಂದ ಒಬ್ಬ ಹುಡುಗ "ಸಾರ್ ನೀವು ತುಮಕೂರು ಕಡೆಯೋರಾ" ಅಂತ ಕೇಳಿದ. ಒಳ್ಳೇದೇ ಆಯ್ತು, ಈಗ ಆ ಹುಡುಗ ನನ್ನ ಆಫೀಸ್ ಕೆಲಸದ ಟಿಕೆಟ್ಟುಗಳನ್ನ ಬೇಗ ಮುಗಿಸಿಕೊಡ್ತಾನೆ. ಲೇನಿಗೆ ಎರಡು ಸ್ಟಾರ್.

ಸಂಜೆ ಭಾಗ ಯಾರೂ ಹೇಳಲ್ಲ. ಬೆಳಗ್ಗೆ ಐವತ್ತು ನಿಮಿಷ ಕೊಟ್ರೆ ಸಂಜೆ ಐವತ್ತು ನಿಮಿಷ ಹೋಗ್ಲೇಬೇಕು, ದಿನ ಏನು ಉದ್ದ ಆಗಿಲ್ವಲ್ಲ. ಸ್ಕೂಲ್ ಬಿಡೋದು ಈಗ 3:40ಕ್ಕೆ. ಮಗ ಸಾಕರ್ ಆಡ್ತಾನೆ, ಅದು ಇಲ್ಲಿ ಚಳಿಗಾಲದ ಆಟ, ಡಿಸೆಂಬರಲ್ಲಿ ಐದಕ್ಕೆ ಮುಂಚೆನೇ ಸೂರ್ಯ ಮುಳುಗಿರ್ತಾನೆ, ಲೈಟಿರೋ ಫೀಲ್ಡ್ ಒಂದೇ, ಹುಡುಗರದ್ದು ಹುಡುಗೀರದ್ದು ಜೂನಿಯರ್ ಟೀಮು ಸೀನಿಯರ್ ಟೀಮು ಎಲ್ಲಾ ಪಾಳಿ ಮೇಲೆ. ಬೇರೆ ಸ್ಕೂಲಿಗೆ ಮ್ಯಾಚಿಗೆ ಹೋಗೋ ದಿನ ಆರನೇ ಪೀರಿಯಡ್ಡಿಗೆ ಚಕ್ಕರ್, ಅವನಿಗೆ ಆರನೇ ಪೀರಿಯಡ್ ಮ್ಯಾಥ್ಸು, ಆ ಸೀಸನ್ ಪೂರ್ತಿ ಮ್ಯಾಥ್ಸ್ ಟೀಚರ್ರು ನಾನೂ ಇಮೇಲ್ ಫ್ರೆಂಡ್ಸ್ ಆಗಿದ್ವಿ.

ಪಕ್ಕದ ಬ್ಲಾಕಲ್ಲಿ ಒಂದು ಹಾಸನದ ಫ್ಯಾಮಿಲಿ ಇದೆ, ಅವರಿಗೆ ಬಿದ್ದಿದ್ದು ಇನ್ನೂ ದೊಡ್ಡ ಏಟು. ದೊಡ್ಡ ಹುಡುಗಿ ಹೈಸ್ಕೂಲು, ಚಿಕ್ಕವನು ಮೂರನೇ ಕ್ಲಾಸು. ಮೊದ್ಲಾಗಿದ್ರೆ ಅಕ್ಕ ಮೂರಕ್ಕೆ ಮುಂಚೆ ಸ್ಕೂಲ್ ಬಿಟ್ಟು ನಡ್ಕೊಂಡು ಬಂದು ತಮ್ಮನ್ನ ಕರ್ಕೊಂಡು ಮನೆಗೆ ಹೋಗ್ಬಹುದಿತ್ತು, ಅಮ್ಮ ಆಫೀಸಿಂದ ಬರೋವರೆಗೆ ಇಬ್ಬರೂ ಮ್ಯಾಗಿ ಮಾಡ್ಕೊಂಡು ತಿಂತಿದ್ರು. ಈಗ ತಮ್ಮ ಬಿಡೋದು ಎರಡೂಮುಕ್ಕಾಲಿಗೆ, ಅಕ್ಕ 3:40ಕ್ಕೆ, ಆ ಒಂದು ಗಂಟೆಗೋಸ್ಕರ ಆಫ್ಟರ್ ಸ್ಕೂಲ್ ಕೇರ್‌ಗೆ ತಿಂಗಳು ತಿಂಗಳು ದುಡ್ಡು ಕಟ್ತಾರೆ. ದೊಡ್ಡ ಮಕ್ಕಳ ನಿದ್ದೆ ಖರ್ಚು ಚಿಕ್ಕ ಮಕ್ಕಳ ಮನೇಲಿ ಬಂತು ನೋಡಿ ಅಂತ ಆಕೆ ಅಂದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ್ಲೂ ಇಲ್ಲ.

ಈಗ ಡಿಸ್ಟ್ರಿಕ್ಟ್ ಸುದ್ದಿ. ಇದಕ್ಕೆ ನಾನು ಕೊಡೋದು ಒಂದೂವರೆ ಸ್ಟಾರು, ಕಾಮಿಡಿಗೆ ಬೇರೆ ಸ್ಟಾರ್ ಕೊಡೋ ಹಾಗಿದ್ರೆ ಐದು.

ಸುದ್ದಿ ಕಮ್ಮಿ ಅಂತಲ್ಲ ಕಂಪ್ಲೇಂಟು, ಸುದ್ದಿ ಹೊಳೆ ಥರ ಹರೀತದೆ. ಪ್ರಿನ್ಸಿಪಾಲರದ್ದು ಭಾನುವಾರ ಸಂಜೆ ಒಂದು, ಡಿಸ್ಟ್ರಿಕ್ಟಿಂದು ಶುಕ್ರವಾರ ಒಂದು, ಪಿಟಿಎಯವರದ್ದು (ಪೇರೆಂಟ್ಸ್ ಟೀಚರ್ಸ್ ಸಂಘ) ಒಂದು, ಅದೇ ವಿಷಯ ಇಮೇಲಲ್ಲಿ ಒಂದ್ಸಲ, ಟೆಕ್ಸ್ಟಲ್ಲಿ ಒಂದ್ಸಲ, ಆ್ಯಪ್ ನೋಟಿಫಿಕೇಶನ್ ಒಂದ್ಸಲ. ಪಾರ್ಕಿಂಗಲ್ಲಿ ಮರ ಕಡೀತಾರೆ ಅಂತ ಬೆಳಗಿನ ಜಾವ 5:12ಕ್ಕೆ ಬಂದಿತ್ತು ಒಂದು. ಟಿನ್ ಡಬ್ಬೀಲಿ ಬರೋ ಆಹಾರ ದಾನ ಮಾಡಿ ಅಂತ ಒಂದೇ ವಾರ ಒಂಬತ್ತು ಸಲ. ಆದ್ರೆ ನಿನ್ನ ಮಗ ಎಷ್ಟು ಗಂಟೆಗೆ ಗೇಟಲ್ಲಿರ್ಬೇಕು ಅನ್ನೋ ಒಂದು ಲೈನು, ಅದು ಯಾವಾಗ್ಲೂ ನಾಲ್ಕನೇ ಪ್ಯಾರಾದ ಕೆಳಗೆ ಇರೋ ಪಿಡಿಎಫ್‌ನ ಎರಡನೇ ಪುಟದಲ್ಲಿ.

ಮಗನ ಮೊದಲನೇ ವರ್ಷ ಜನವರಿಲಿ ಆಗಿದ್ದು ಹೇಳ್ತೀನಿ. ನಮ್ಮಲ್ಲಿ ಬುಧವಾರ ಲೇಟ್ ಸ್ಟಾರ್ಟು, ಟೀಚರ್‌ಗಳಿಗೆ ಮೀಟಿಂಗ್ ಇರುತ್ತೆ, ಮಕ್ಕಳು 9:20ಕ್ಕೆ ಬಂದ್ರೆ ಸಾಕು. ವಾರದಲ್ಲಿ ಅದೊಂದಿನ ನಾನೂ ಮನುಷ್ಯನ ಥರ ಕಾಫಿ ಕುಡೀತಿದ್ದೆ. ರಜೆ ಮುಗಿದು ಸ್ಕೂಲ್ ಶುರುವಾದ ಬುಧವಾರ ಆರಾಮಾಗಿ 9:10ಕ್ಕೆ ಹೋದ್ರೆ ಲೇನಲ್ಲಿ ಒಂದು ಗಾಡಿ ಇಲ್ಲ, ಗೇಟ್ ಹಾಕಿದೆ. ಎಷ್ಟ್ ಬೇಗ ಬಂದ್ವಿ ನೋಡು ಅಂತ ಮಗನಿಗೆ ಹೆಮ್ಮೆಯಿಂದ ಹೇಳಿದೆ. ಅವನು ಗೇಟಿನಾಚೆ ನೋಡಿ, ಅಪ್ಪಾ ಫಸ್ಟ್ ಪೀರಿಯಡ್ ಮುಗೀತಾ ಬಂತು ಅನ್ಸುತ್ತೆ ಅಂದ. ಸೆಕೆಂಡ್ ಸೆಮಿಸ್ಟರಿಂದ ಬುಧವಾರ ಲೇಟ್ ಸ್ಟಾರ್ಟ್ ತೆಗೆದು ಬೇಗ ಬಿಡೋದು ಮಾಡಿದಾರೆ, ಬೆಳಗ್ಗೆ ಮಾಮೂಲಿ 8:30. ಸುದ್ದಿ ಕಳಿಸಿದ್ರಾ? ಕಳಿಸಿದ್ರು. ಡಿಸೆಂಬರ್ ಮೂರನೇ ವಾರ, ಚಳಿಗಾಲದ ಕಾನ್ಸರ್ಟ್ ಫೋಟೋ ಆಲ್ಬಮ್ಮಿನ ಕೆಳಗೆ, "ಇನ್ನಿತರ ವಿಷಯಗಳು" ಅನ್ನೋ ಹೆಡಿಂಗಲ್ಲಿ. ಆವತ್ತು ಸಂಜೆ ಆರಕ್ಕೆ ಸರಿಯಾಗಿ ರೋಬೋ ಕಾಲು, ನಿಮ್ಮ ವಿದ್ಯಾರ್ಥಿ ಇವತ್ತು ಒಂದು ಅಥವಾ ಹೆಚ್ಚು ಪೀರಿಯಡ್‌ಗೆ ಗೈರು ಅಂತ, ಅದರಲ್ಲಿ ನಮ್ಮ ಮನೆ ಹೆಸರನ್ನ ಆ ಮೆಷಿನ್ನು ಹೇಳೋ ರೀತಿಗೆ ನಮ್ ಮಾವ ಯಾರೋ ಸಾಲ ವಸೂಲಿಗೆ ಫೋನ್ ಮಾಡಿದಾರೆ ಅಂದ್ಕೊಂಡ್ರು.

ಆ್ಯಪ್ಪಲ್ಲಿ ಭಾಷೆ ಆರಿಸ್ಕೊಳ್ಬಹುದು, ಕನ್ನಡನೂ ಇದೆ! ಅಭಿಮಾನ ಉಕ್ಕಿ ಒಂದಿನ ಕನ್ನಡಕ್ಕೆ ಹಾಕ್ಬಿಟ್ಟೆ. ಅದಾದ್ಮೇಲೆ ಒಂದು ತಿಂಗಳು ಮನೆಯವರೆಲ್ಲಾ ಸೇರಿ ಓದಿ ನಕ್ಕಿದೀವಿ. ಸ್ಕೂಲ್ ಬೋರ್ಡ್ (ಡಿಸ್ಟ್ರಿಕ್ಟ್ ನಡೆಸೋ ಕಮಿಟಿ) ಮೀಟಿಂಗಿಗೆ "ಗುರುವಾರ ಹಲಗೆ ಸಭೆ ಸೇರಲಿದೆ". ಸ್ಕೂಲ್ ಬೇಗ ಬಿಡೋ ಮಿನಿಮಮ್ ಡೇಗೆ "ನಾಳೆ ಕನಿಷ್ಠ ದಿನ", ಅದೇನೋ ಪಂಚಾಂಗದಲ್ಲಿ ಬರೆದಂಗೆ. ಜೀರೋ ಪೀರಿಯಡ್ "ಶೂನ್ಯ ಅವಧಿ", ಇದು ಮಾತ್ರ ನೂರಕ್ಕೆ ನೂರು ಸರಿ. ಎಲ್ಲಕ್ಕಿಂತ ಮೇಲೆ, "ದಯವಿಟ್ಟು ನಿಮ್ಮ ವಿದ್ಯಾರ್ಥಿಯನ್ನು 12:30ಕ್ಕೆ ಎತ್ತಿಕೊಳ್ಳಿ". ಆರಡಿ ಬೆಳೆದಿದಾನ್ರೀ, ಯಾರ್ ಎತ್ಕೊಳ್ಳೋದು. ನಮ್ ಮಾವ ಅದನ್ನ ಕಾಗದಕ್ಕೆ ಬರ್ಕೊಂಡು ಊರಿಗೆ ತಗೊಂಡು ಹೋಗಿದಾರೆ. ನಗು ಬಿಟ್ಟು ಹೇಳ್ಬೇಕಂದ್ರೆ, ಇಂಗ್ಲಿಷ್ ಸರಿಯಾಗಿ ಬರದ ಎಷ್ಟೋ ಮನೆಗಳಿಗೆ ಇದೊಂದೇ ದಾರಿ, ಅವರು ಈ ಹಲಗೆನ ನಂಬ್ಕೊಂಡು ಕೂತಿರ್ತಾರೆ ಅಂದ್ರೆ ಸಿಟ್ಟೂ ಬರುತ್ತೆ.

ನಿಜವಾದ ಸುದ್ದಿ ಬೇಕಿದ್ರೆ ಎಲ್ಲಿ ಸಿಗುತ್ತೆ ಅಂತ ಬುಧವಾರದ ಆ ಅವಮಾನ ಆದ್ಮೇಲೆ ಕಂಡ್ಕೊಂಡೆ. ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆ್ಯಕ್ಟ್ ಅಂತ 1953ರ ಕಾನೂನಿದೆ, ಸ್ಕೂಲ್ ಬೋರ್ಡಿನ ಮಾಮೂಲಿ ಮೀಟಿಂಗಿಗೆ 72 ಗಂಟೆ ಮುಂಚೆ ಅಜೆಂಡಾ ಎಲ್ಲರಿಗೂ ಕಾಣೋ ಹಾಗೆ ಹಾಕ್ಲೇಬೇಕು. ಬೆಲ್ ಶೆಡ್ಯೂಲ್ ಬದಲಾವಣೆ, ಕ್ಯಾಲೆಂಡರ್, ಬಜೆಟ್ಟು ಎಲ್ಲಾ ಮೊದಲು ಬರೋದು ಅಲ್ಲಿ. ನ್ಯೂಸ್‌ಲೆಟರ್‌ಗೆ ಬರೋ ಹೊತ್ತಿಗೆ ಅಡುಗೆ ಮುಗಿದು ಪಾತ್ರೆ ತೊಳೆದಿರ್ತಾರೆ. ಒಂದ್ಸಲ ಹೋಗಿ ಪಬ್ಲಿಕ್ ಕಾಮೆಂಟಲ್ಲಿ ಮಾತೂ ಆಡಿದೆ, ಒಬ್ಬೊಬ್ಬರಿಗೆ ಎರಡು ನಿಮಿಷ. ಬೆಲ್ ಟೈಮ್ ಬದಲಾದ್ರೆ ಅದೊಂದನ್ನೇ ಬೇರೆ ಮೆಸೇಜಲ್ಲಿ ಕಳಿಸಿ, ಬೇರೇನೂ ಸೇರಿಸ್ಬೇಡಿ ಅಂದೆ. ಬೋರ್ಡಿನ ಐದೂ ಜನ ಹ್ಞೂಂ ಅಂತ ತಲೆ ಅಲ್ಲಾಡಿಸಿದ್ರು. ಮುಂದಿನ ವಾರ ಡಿಸ್ಟ್ರಿಕ್ಟಿಂದ ಬಂತು ಒಂದು ಮೇಲು, "ಸಂವಹನ ಸುಧಾರಣೆ ಕುರಿತು ಸಮೀಕ್ಷೆ", 31 ಪ್ರಶ್ನೆ.

ಬೇರೆ ಕಡೆ ನೋಡಿದ್ರೆ ನಮ್ದೇ ವಾಸಿ ಅನ್ಸೋದೂ ಇದೆ. ಕೆಂಟಕಿಯ ಲೂಯಿವಿಲ್‌ನಲ್ಲಿ 2023ರ ಆಗಸ್ಟಲ್ಲಿ ಏನಾಯ್ತು ಗೊತ್ತಲ್ಲ, ಬಸ್ ಡ್ರೈವರ್‌ಗಳು ಸಾಲಲ್ಲ ಅಂತ ಕಂಪ್ಯೂಟರ್ ಕೈಲಿ ಹೊಸ ರೂಟ್ ಹಾಕಿಸಿ, ಎರಡಿದ್ದ ಸ್ಕೂಲ್ ಟೈಮನ್ನ ಒಂಬತ್ತು ಮಾಡಿದ್ರು, ಮೊದಲ ದಿನವೇ ಕೆಲವು ಮಕ್ಕಳು ಮನೆ ಸೇರಿದ್ದು ರಾತ್ರಿ ಹತ್ತರ ಹತ್ರ, ಮಾರನೇ ದಿನದಿಂದ ಒಂದು ವಾರಕ್ಕೂ ಜಾಸ್ತಿ ಸ್ಕೂಲೇ ಮುಚ್ಚಿದ್ರು. ಒಂದೇ ಬಸ್ಸು ಎಲಿಮೆಂಟರಿ, ಮಿಡಲ್, ಹೈಸ್ಕೂಲು ಅಂತ ಎರಡ್ಮೂರು ಟ್ರಿಪ್ ಹೊಡಿಯೋ ಕಡೆ ಒಂದು ಬೆಲ್ಲು ಮುಟ್ಟಿದ್ರೆ ಉಳಿದದ್ದೆಲ್ಲಾ ಅಲ್ಲಾಡುತ್ತೆ. ಫ್ಲೋರಿಡಾದವರೂ 2023ರಲ್ಲಿ ಕ್ಯಾಲಿಫೋರ್ನಿಯಾ ಥರಾನೇ ಕಾನೂನು ಮಾಡಿದ್ರು, ಬಸ್ಸಿನ ಖರ್ಚು ಲೆಕ್ಕ ಹಾಕಿದ ಡಿಸ್ಟ್ರಿಕ್ಟುಗಳು ಗೋಳಾಡಿ, ಜಾರಿಗೆ ಬರೋದಕ್ಕೆ ಮುಂಚೆನೇ 2025ರಲ್ಲಿ ಅದನ್ನ ಕಡ್ಡಾಯ ಅಲ್ಲ ಅಂತ ಮಾಡಿದ್ರು. ನಮಗೆ ಬಸ್ಸೇ ಇಲ್ದಿದ್ದು ವರ ಆಯ್ತು ಅನ್ಬೇಕು.

ಬೆಂಗಳೂರಲ್ಲಿರೋ ನನ್ನ ತಂಗಿಗೆ ಇದನ್ನೆಲ್ಲಾ ಹೇಳಿದ್ರೆ ನಗ್ತಾಳೆ. ಅವಳ ಮಗಳ ಸ್ಕೂಲ್ ವ್ಯಾನ್ ಬರೋದು 6:50ಕ್ಕೆ, ಹುಡುಗಿ ವ್ಯಾನಲ್ಲೇ ಇಡ್ಲಿ ತಿಂದು ವ್ಯಾನಲ್ಲೇ ನಿದ್ದೆ ಮಾಡುತ್ತೆ. 2023ರಲ್ಲಿ ಟ್ರಾಫಿಕ್ ಕೇಸಲ್ಲಿ ಹೈಕೋರ್ಟು ಸ್ಕೂಲ್ ಟೈಮಿಂಗ್ ಬದಲಾಯಿಸೋದನ್ನ ನೋಡಿ ಅಂತ ಹೇಳಿದಾಗ, ಇನ್ನೂ ಬೇಗ ಶುರು ಮಾಡಿದ್ರೆ ಹೇಗೆ ಅನ್ನೋ ಮಾತು ಬಂದಿತ್ತು, ಸ್ಕೂಲಿನವರೂ ಪೇರೆಂಟ್ಸೂ ಬೇಡವೇ ಬೇಡ ಅಂದ್ರು. "ಅಣ್ಣ, ನಿಮ್ ಕಡೆ ಮಕ್ಕಳ ನಿದ್ದೆ ನೋಡಿ ಬೆಲ್ ಹೊಡೀತಾರೆ, ನಮ್ ಕಡೆ ಹೆಬ್ಬಾಳ ಫ್ಲೈಓವರ್ ನೋಡಿ ಹೊಡೀತಾರೆ" ಅಂದ್ಲು. ಪಕ್ಕದ ಮಹಾರಾಷ್ಟ್ರದಲ್ಲಿ 2024ರಲ್ಲಿ ನಾಲ್ಕನೇ ಕ್ಲಾಸಿನವರೆಗೆ ಒಂಬತ್ತಕ್ಕಿಂತ ಮುಂಚೆ ಬೇಡ ಅಂತ ಆರ್ಡರ್ ಮಾಡಿದ್ರು, ಅಲ್ಲಿ ಚಿಕ್ಕ ಮಕ್ಕಳಿಗೆ, ಇಲ್ಲಿ ದೊಡ್ಡೋರಿಗೆ.

ಹೊಸದಾಗಿ ಈ ಕಡೆ ಬರೋರು, ಲೀಸಿಗೆ ಸೈನ್ ಹಾಕೋ ಮುಂಚೆ ಸ್ಕೂಲ್ ರೇಟಿಂಗ್ ನೋಡೋ ಅರ್ಧದಷ್ಟಾದ್ರೂ ಹೊತ್ತು ಬೆಲ್ ಶೆಡ್ಯೂಲ್ ನೋಡಿ. ಸ್ಕೂಲ್ ವೆಬ್‌ಸೈಟಲ್ಲೇ ಇರುತ್ತೆ, ಬುಧವಾರದ್ದು ಬೇರೆ ಇರುತ್ತೆ ಅದನ್ನೂ ನೋಡಿ, ಎರಡನೇ ಮಗು ಇದ್ರೆ ಆ ಸ್ಕೂಲ್ ಬಿಡೋ ಟೈಮ್ ಪಕ್ಕದಲ್ಲಿಟ್ಟು ನೋಡಿ, ಆ್ಯಪ್ಪಲ್ಲಿ ರಾತ್ರಿ ಒಂದೇ ಸಲ ಎಲ್ಲಾ ಒಟ್ಟಿಗೆ ಕಳಿಸೋ ಸೆಟ್ಟಿಂಗ್ ಇದ್ರೆ ಹಾಕ್ಕೊಳ್ಳಿ ಇಲ್ಲಾಂದ್ರೆ 5:12ಕ್ಕೆ ಮರ ಕಡೀತಾರೆ. ಭಾಷೆ ಇಂಗ್ಲಿಷಲ್ಲೇ ಬಿಡಿ, ಕನ್ನಡ ಭಾನುವಾರಕ್ಕೆ ಇಟ್ಕೊಳ್ಳಿ, ಮನೆಮಂದಿ ಕೂತು ಓದೋಕೆ. ಯಾರಾದ್ರೂ ಗ್ರೂಪಲ್ಲಿ ಜೀರೋ ಅಂತ ಹಾಕಿದ್ರೆ ಆ ಗ್ರೂಪನ್ನ ಒಂದು ವಾರ ಮ್ಯೂಟ್ ಮಾಡಿ.

ಮಗ ಈಗ ಹನ್ನೆರಡನೇ ಕ್ಲಾಸು. ಈ ಆಗಸ್ಟಲ್ಲಿ ಎರಡನೇ ವಾರ ಬೆಳಗ್ಗೆ ಆರಕ್ಕೆ ಎಬ್ಬಿಸೋಕೆ ಹೋದ್ರೆ ಹೊದಿಕೆ ಒಳಗಿಂದಾನೇ ಹೇಳ್ದ, ಅಪ್ಪಾ ಜೀರೋ ಬಿಟ್ಟಿದೀನಿ, ಕೌನ್ಸೆಲರ್ ಹತ್ರ ನಿನ್ನೆ ಹೋಗಿದ್ದೆ, ಏಳೂಕಾಲಿಗೆ ಎಬ್ಬಿಸಿ ಅಂತ. ನನ್ನ ಕೇಳ್ಲಿಲ್ವಲ್ಲೋ ಅಂದೆ. ನೀವು ಕೇಳಿದ್ರಾ ಆವಾಗ ಅಂದ. ಬಾಗಿಲು ಎಳ್ಕೊಂಡು ಬಂದೆ, ಹಿಟ್ಟಿತ್ತು, ಕಾವಲಿ ಇಟ್ಟೆ. ಡಿಸ್ಟ್ರಿಕ್ಟ್ ಆ್ಯಪ್ಪಿಂದ ನೋಟಿಫಿಕೇಶನ್ ಬಂದಿದ್ದು ಅದಾಗಿ ಹದಿನಾರು ದಿನಕ್ಕೆ, ಭಾಷೆ ವಾಪಸ್ ಬದಲಾಯಿಸೋದು ನಾನಿನ್ನೂ ಮರೆತೇ ಇದ್ದೆ: "ನಿಮ್ಮ ವಿದ್ಯಾರ್ಥಿಯು ಶೂನ್ಯವನ್ನು ಕೈಬಿಟ್ಟಿದ್ದಾನೆ."